ಲಂಡನ್ನಿಗೆ ಅಪ್ಪ ಅಮ್ಮನ ಜೊತೆ: ಯಾವುದು ನೋಡಬೇಕು, ಯಾವುದು ಬಿಡಬಹುದು?

ತುಂಗೆಯ ಮಗಳು:

ಎಲ್ಲರಿಗೂ ನಮಸ್ಕಾರ. ತಮ್ಮ ಲಂಡನ್ನಿನಲ್ಲಿ ಓದು ಮುಗಿಸಿದ್ದಾನೆ, ಡಿಸೆಂಬರ್ ಮಧ್ಯದಲ್ಲಿ ಅವನ ಕಾನ್ವೊಕೇಶನ್. ಅಪ್ಪ, ಅಮ್ಮ, ನಾನು ಹೋಗುತ್ತಿದ್ದೇವೆ. ವೀಸಾ ಬಂತು, ಟಿಕೆಟ್ ಆಯಿತು. ಈಗಿನ ತಲೆನೋವು ಊರು ನೋಡೋದು. ಟ್ರಾವೆಲ್ಸ್‌ನವರೊಬ್ಬರು ಪಟ್ಟಿ ಕಳಿಸಿದ್ದಾರೆ. ಬೆಳಿಗ್ಗೆ ಲಂಡನ್ ಐ ಅನ್ನೋ ದೊಡ್ಡ ತಿರುಗುಚಕ್ರ, ಆಮೇಲೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಚರ್ಚ್, ಮಧ್ಯಾಹ್ನ ಟವರ್ ಆಫ್ ಲಂಡನ್ ಕೋಟೆ, ಸಂಜೆ ಬ್ರಿಟಿಷ್ ಮ್ಯೂಸಿಯಂ. ಎಲ್ಲಾ ಒಂದೇ ದಿನ!

ಅಮ್ಮನಿಗೆ ಮಂಡಿ ನೋವು, ಮೆಟ್ಟಿಲು ಅಂದ್ರೆ ಭಯ. ಅಪ್ಪ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು, ಈಗ ರಿಟೈರ್ ಆಗಿದ್ದಾರೆ. ಅರಮನೆ ಅಂದ್ರೆ ಆಕಳಿಸುತ್ತಾರೆ, ಎಂಜಿನ್ ಅಂದ್ರೆ ಎದ್ದು ಕೂರುತ್ತಾರೆ. ಅಮ್ಮನಿಗೆ ಮಾತ್ರ ಕೋಹಿನೂರ್ ನೋಡಲೇಬೇಕಂತೆ. ನನಗೆ ಇಂಥದ್ದೇ ಅಂತ ಏನಿಲ್ಲ. "ಅಲ್ಲಿ ತನಕ ಹೋಗಿ ಅದನ್ನ ನೋಡದೇ ಬಂದ್ರಾ" ಅಂತ ಆಮೇಲೆ ಯಾರೂ ಅನ್ನಬಾರದು, ಅಷ್ಟೇ. ಅಲ್ಲಿರೋರು, ಹೋಗಿ ಬಂದೋರು ದಯವಿಟ್ಟು ಹೇಳಿ.

ಕ್ರಾಯ್ಡನ್ ಕನ್ನಡಿಗ:

ಮೊದಲು ಆ ಪಟ್ಟಿ ಹರಿದು ಹಾಕಿ. ಡಿಸೆಂಬರಿನಲ್ಲಿ ಇಲ್ಲಿ 4 ಗಂಟೆಯೊಳಗೆ ಸೂರ್ಯ ಮುಳುಗುತ್ತಾನೆ. ಹೊರಗೆ ನೋಡುವಂಥದ್ದೆಲ್ಲ ಬೆಳಿಗ್ಗೆ ಇಟ್ಟುಕೊಳ್ಳಿ, ಕತ್ತಲಾದ ಮೇಲೆ ಮ್ಯೂಸಿಯಂ ಒಳಗೆ ಸೇರಿಕೊಳ್ಳಿ. ಅಲ್ಲಿ ಬೆಚ್ಚಗಿರುತ್ತೆ, ಕೂರೋಕೆ ಬೆಂಚಿರುತ್ತೆ, ಶೌಚಾಲಯ ಇರುತ್ತೆ. ವಯಸ್ಸಾದವರ ಜೊತೆ ಬರೋರಿಗೆ ಈ ಮೂರು ಬಿಗ್ ಬೆನ್‌ಗಿಂತ ಮುಖ್ಯ.

ಇನ್ನೊಂದು ವಿಷಯ ಟ್ರಾವೆಲ್ಸ್‌ನವರು ಹೇಳೋದೇ ಇಲ್ಲ. ಈ ಊರಿನ ದೊಡ್ಡ ಮ್ಯೂಸಿಯಂಗಳಿಗೆ ಟಿಕೆಟ್ಟೇ ಇಲ್ಲ. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ವಿಕ್ಟೋರಿಯಾ ಅಂಡ್ ಆಲ್ಬರ್ಟ್, ಸೈನ್ಸ್ ಮ್ಯೂಸಿಯಂ, ನ್ಯಾಚುರಲ್ ಹಿಸ್ಟರಿ, ಎಲ್ಲಾ ಪುಕ್ಕಟೆ. ವಿಶೇಷ ಪ್ರದರ್ಶನಕ್ಕೆ ಮಾತ್ರ ದುಡ್ಡು. ಪುಕ್ಕಟೆ ಆಗಿರೋದರಿಂದ ಒಂದು ಅನುಕೂಲ ಏನಂದ್ರೆ, ದುಡ್ಡು ಕೊಟ್ಟಿದ್ದೀವಿ ಅಂತ ಎಲ್ಲಾ ಕೋಣೆ ಸುತ್ತಿ ಕಾಲು ಮುರಿದುಕೊಳ್ಳಬೇಕಿಲ್ಲ. ಒಂದು ಗಂಟೆ ನೋಡಿ, ಸುಸ್ತಾದ್ರೆ ಹೊರಗೆ ಬನ್ನಿ, ಬೇಕಾದ್ರೆ ಮರುದಿನ ಮತ್ತೆ ಹೋಗಿ. ಸೈನ್ಸ್ ಮ್ಯೂಸಿಯಂ, ನ್ಯಾಚುರಲ್ ಹಿಸ್ಟರಿಗೆ ಆನ್‌ಲೈನಿನಲ್ಲಿ ಪುಕ್ಕಟೆ ಟಿಕೆಟ್ ಬುಕ್ ಮಾಡಿಕೊಂಡರೆ ಬಾಗಿಲಲ್ಲಿ ಕಾಯೋದು ಕಮ್ಮಿ.

ಕ್ರಿಸ್‌ಮಸ್ ತನಕ ಇರ್ತೀರಾದ್ರೆ ಒಂದು ಮಾತು. 24, 25, 26ಕ್ಕೆ ಈ ಮ್ಯೂಸಿಯಂಗಳಿಗೆ ಬೀಗ. 25ಕ್ಕಂತೂ ಟ್ಯೂಬ್ (ನೆಲದಡಿಯ ರೈಲು) ಇಲ್ಲ, ಬಸ್ಸೂ ಇಲ್ಲ.

ಹುಬ್ಬಳ್ಳಿ ಮಂದಿ:

ಎಲ್ಲಾ ಬಿಟ್ಟರೂ ಪರವಾಗಿಲ್ಲ ರೀ, ಸೌತ್ ಕೆನ್ಸಿಂಗ್ಟನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಬಿಡಬೇಡಿ. ಟಿಪ್ಪುವಿನ ಹುಲಿ, ಅಂದ್ರೆ ಸದ್ದು ಮಾಡುವ ಮರದ ಯಂತ್ರ, ಇರೋದು ಅಲ್ಲೇ. ನಮ್ಮ ಶ್ರೀರಂಗಪಟ್ಟಣದ್ದು. ಫೋಟೋದಲ್ಲಿ ಆಟದ ಗೊಂಬೆಯಷ್ಟು ಕಾಣುತ್ತೆ, ಎದುರಿಗೆ ನಿಂತರೆ ಹೆಚ್ಚು ಕಡಿಮೆ ಆರಡಿ ಉದ್ದ. ಕೆಂಪು ಕೋಟಿನ ಪರಂಗಿಯವನು ಅಂಗಾತ ಬಿದ್ದಿದ್ದಾನೆ, ಅವನ ಮೇಲೆ ಹುಲಿ ಕೂತು ಕುತ್ತಿಗೆಗೆ ಬಾಯಿ ಹಾಕಿದೆ. ಹುಲಿಯ ಪಕ್ಕೆಯಲ್ಲಿ ಒಂದು ಮುಚ್ಚಳ, ಅದನ್ನು ತೆಗೆದರೆ ಒಳಗೆ ಹಾರ್ಮೋನಿಯಂ ತರಹ ಕೀಲಿಮಣೆ. ಹೊರಗಿನ ಹಿಡಿ ತಿರುಗಿಸಿದರೆ ಆ ಮನುಷ್ಯನ ಎಡಗೈ ಮೇಲೆ ಕೆಳಗೆ ಆಡುತ್ತೆ, ಅವನು ನರಳುತ್ತಾನೆ, ಹುಲಿ ಗುರುಗುಡುತ್ತೆ. ಒಳಗೆಲ್ಲ ತಿದಿ, ಕೊಳವೆ, ಗಾಳಿಯ ಆಟ. ನಿಮ್ಮಪ್ಪನವರನ್ನು ಅಲ್ಲಿಂದ ಎಬ್ಬಿಸಿಕೊಂಡು ಬರೋದೇ ಕಷ್ಟ ಆಗಬಹುದು.

ಆದ್ರೆ ಅದನ್ನ ಗಾಜಿನೊಳಗೆ ಇಟ್ಟಿದ್ದಾರೆ, ನಾವು ತಿರುಗಿಸೋ ಹಾಗಿಲ್ಲ. ಹೊರಡೋ ಮುಂಚೆ ಅದು ಪ್ರದರ್ಶನಕ್ಕಿದೆಯಾ ಅಂತ ಮ್ಯೂಸಿಯಂ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಅಲ್ಲಿ ರಿಪೇರಿಗೆ ಅಂತ ಗ್ಯಾಲರಿಗಳನ್ನ ಆಗಾಗ ಮುಚ್ಚುತ್ತಾರೆ.

ಹಳೇ ಕಾಗದ:

ಹುಬ್ಬಳ್ಳಿಯವರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. 1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಹುಲಿ ಲೂಟಿಯಲ್ಲಿ ಸಿಕ್ಕಿತು. 1808ರಿಂದ ಲಂಡನ್ನಿನ ಲೆಡನ್‌ಹಾಲ್ ಸ್ಟ್ರೀಟಿನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿ ಕಚೇರಿಯಲ್ಲಿ ಜನಕ್ಕೆ ತೋರಿಸಿದರು. ಆಗ ಯಾರು ಬೇಕಾದರೂ ಬಂದು ಹಿಡಿ ತಿರುಗಿಸಬಹುದಿತ್ತು. ಪಕ್ಕದಲ್ಲೇ ಓದುವ ಕೋಣೆ. ಹಗಲೆಲ್ಲ ಹುಲಿ ಕೂಗಿ ಕೂಗಿ ಓದೋರಿಗೆ ಸಾಕಾಗಿ ಹೋಗಿತ್ತಂತೆ. ಈಗಿನ ಮ್ಯೂಸಿಯಂಗೆ ಬಂದಿದ್ದು 1880ರಲ್ಲಿ.

ಪಟ್ಟಣ ಬಿದ್ದ ಮೇಲೆ ಅಲ್ಲಿಗೆ ಗವರ್ನರ್ ಆದವನು ಆರ್ಥರ್ ವೆಲ್ಲೆಸ್ಲಿ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿ ಹೆಸರಾದ ವೆಲ್ಲಿಂಗ್ಟನ್ ಡ್ಯೂಕ್ ಇವನೇ. ಹೈಡ್ ಪಾರ್ಕ್ ಮೂಲೆಯಲ್ಲಿ ಇವನ ಮನೆ ಆಪ್ಸ್‌ಲಿ ಹೌಸ್ ಇದೆ. ಮೆಟ್ಟಿಲ ಬುಡದಲ್ಲಿ ಅಮೃತಶಿಲೆಯ ನೆಪೋಲಿಯನ್ ನಿಂತಿದ್ದಾನೆ, ಹನ್ನೊಂದಡಿ ಎತ್ತರ, ಮೈಮೇಲೆ ಅಂಜೂರದ ಎಲೆಯೊಂದೇ! ಗೆದ್ದವನ ಮನೆಯಲ್ಲಿ ಸೋತವನನ್ನು ಹೀಗೆ ಇಟ್ಟುಕೊಂಡಿದ್ದಾರೆ. ಅದಕ್ಕೆ ಟಿಕೆಟ್ ಇದೆ, ಚಳಿಗಾಲದಲ್ಲಿ ವಾರವೆಲ್ಲ ತೆರೆದಿರುವುದಿಲ್ಲ. ನಿಮಗೆ ಸಮಯ ಉಳಿದರೆ ಮಾತ್ರ.

ಗಿರಣಿ ರಸ್ತೆ:

ಕೋಹಿನೂರ್ ವಿಷಯಕ್ಕೆ ಬರೋಣ. ಅದು ಇರೋ ಟವರ್ ಆಫ್ ಲಂಡನ್ ನನ್ನ ಪ್ರಕಾರ ದಂಡ. ತಲೆಗೆ 35 ಪೌಂಡ್ ಆಸುಪಾಸು. ಮೂವರಿಗೆ ಹತ್ತಿರ ಹತ್ತಿರ 12 ಸಾವಿರ ರೂಪಾಯಿ. ಅಷ್ಟು ಕೊಟ್ಟು ಒಳಗೆ ಹೋದರೆ ಕಿರೀಟಗಳ ಮುಂದೆ ನಿಂತು ನೋಡೋಕೂ ಬಿಡಲ್ಲ. ನೆಲದಲ್ಲಿ ಚಲಿಸುವ ಪಟ್ಟಿ ಇರುತ್ತೆ, ಅದು ನಮ್ಮನ್ನ ತಾನೇ ಮುಂದೆ ತಳ್ಳಿಕೊಂಡು ಹೋಗುತ್ತೆ. ಫೋಟೋ ತೆಗೆಯೋ ಹಾಗಿಲ್ಲ. ಕೋಹಿನೂರ್ ಎಲ್ಲಿ ಅಂತ ಹುಡುಕೋದರಲ್ಲೇ ಅರ್ಧ ಜನ ದಾಟಿ ಹೋಗಿರುತ್ತಾರೆ. ತಿರುಪತಿಯಲ್ಲಾದರೂ ತಳ್ಳಿಸಿಕೊಂಡಿದ್ದಕ್ಕೆ ಲಡ್ಡು ಕೊಡುತ್ತಾರೆ.

ಆ ದುಡ್ಡಲ್ಲಿ ತಮ್ಮನ ಜೊತೆ ಎಲ್ಲರೂ ಚೆನ್ನಾಗಿ ಒಂದು ಊಟ ಮಾಡಿ. ಟವರನ್ನ ಹೊರಗಿಂದಲೇ ನೋಡಿ, ನದಿ ಕಡೆಯಿಂದ ಚೆನ್ನಾಗಿ ಕಾಣುತ್ತೆ.

ಹಳೇ ಕಾಗದ:

ಗಿರಣಿ ರಸ್ತೆಯವರೇ, ತಿರುಪತಿ ಮಾತಿಗೆ ನಕ್ಕೆ. ಆದ್ರೆ ಒಪ್ಪಲ್ಲ. ಟವರ್‌ಗೆ ಹೋಗಿ ಕೋಹಿನೂರ್ ಒಂದನ್ನೇ ನೋಡಿ ಬಂದರೆ ಖಂಡಿತ ದಂಡ. ಅಲ್ಲಿರುವ ಬೀಚಮ್ ಟವರ್ ಅನ್ನೋದನ್ನ ನೋಡಿದ್ರಾ? ಅದು ಜೈಲಾಗಿತ್ತು. ಒಳಗಿನ ಗೋಡೆ ತುಂಬ ಕೈದಿಗಳು ಕೆತ್ತಿದ ಹೆಸರು, ಚಿತ್ರ, ಪ್ರಾರ್ಥನೆ. 1553ರಲ್ಲಿ ಒಳಗೆ ಹಾಕಿದ್ದ ಜಾನ್ ಡಡ್ಲಿ ಅನ್ನೋನು ತನ್ನ ಮನೆತನದ ಕರಡಿ, ಸಿಂಹ ಕೆತ್ತಿದ್ದಾನೆ. ಸುತ್ತ ಹೂವಿನ ಅಂಚು. ಆ ಹೂವು ಎಲೆಗಳೆಲ್ಲ ತಮ್ಮಂದಿರ ಹೆಸರಿನ ಗುರುತು. ಆಂಬ್ರೋಸ್‌ಗೆ ಗುಲಾಬಿ, ರಾಬರ್ಟ್‌ಗೆ ಓಕ್, ಹೀಗೆ. ತಮ್ಮಂದಿರೂ ಆಗ ಟವರಿನೊಳಗೇ ಸೆರೆಯಲ್ಲಿದ್ದರು. ಅವರಲ್ಲಿ ಗಿಲ್‌ಫರ್ಡ್‌ನ ತಲೆ ಮರುವರ್ಷ ಹೋಯಿತು. ಕಲ್ಲಿನ ಮೇಲೆ ಉಳಿಯ ಗೀರು ಇವತ್ತಿಗೂ ಸ್ಪಷ್ಟ. ಇದರ ಮುಂದೆ ಆ ಕಿರೀಟಗಳೆಲ್ಲ ಸಪ್ಪೆ.

ಆ ಗೋಪುರಕ್ಕೆ ಸುರುಳಿ ಮೆಟ್ಟಿಲು, ಅಮ್ಮನವರಿಗೆ ಆಗಲ್ಲ. ಒಡವೆ ಇಟ್ಟಿರುವ ಕಟ್ಟಡಕ್ಕೆ ಹೋಗೋದು ಸುಲಭ. ಅವರನ್ನ ಅಲ್ಲಿ ಕರೆದುಕೊಂಡು ಹೋಗಿ. ಕೋಹಿನೂರ್ ಇರೋದು 1937ರಲ್ಲಿ ರಾಣಿ ಎಲಿಜಬೆತ್‌ಗೆ ಮಾಡಿಸಿದ ಕಿರೀಟದಲ್ಲಿ, ಮುಂಭಾಗದ ಶಿಲುಬೆಯ ನಡುವೆ. ಈ ಎಲಿಜಬೆತ್ 2022ರಲ್ಲಿ ತೀರಿಕೊಂಡ ರಾಣಿಯ ತಾಯಿ. ಮೊದಲೇ ಗೊತ್ತಿದ್ದರೆ ಹುಡುಕೋ ಗಡಿಬಿಡಿ ಇರಲ್ಲ. ಆ ಚಲಿಸುವ ಪಟ್ಟಿ ದಾಟಿದ ಮೇಲೂ ಹಿಂದಿನಿಂದ ಸುತ್ತಿಕೊಂಡು ಬಂದು ಮತ್ತೆ ಹತ್ತಬಹುದು, ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋದರೆ ಜನ ಕಮ್ಮಿ. 65 ದಾಟಿದವರಿಗೆ ಟಿಕೆಟ್ಟಿನಲ್ಲಿ ರಿಯಾಯಿತಿ ಇದೆ.

ಬೆಣ್ಣೆ ದೋಸೆ:

ಅದು ನಮ್ಮದೇ ವಜ್ರ. ನಮ್ಮ ವಜ್ರ ನೋಡೋಕೆ ನಾವೇ ದುಡ್ಡು ಕೊಡಬೇಕಾ? ಬ್ರಿಟಿಷ್ ಮ್ಯೂಸಿಯಂ ಕೂಡ ಅಷ್ಟೇ, ಅರ್ಧಕ್ಕರ್ಧ ಕದ್ದ ಮಾಲು. ನಾನಂತೂ ಕಾಲಿಡಲ್ಲ.

ಹಳೇ ಕಾಗದ:

ಸಿಟ್ಟು ಸರಿಯೇ. ಕೋಹಿನೂರನ್ನು 1849ರ ಲಾಹೋರ್ ಒಪ್ಪಂದದಲ್ಲಿ ಬರೆಸಿಕೊಂಡರು. ಬರೆದುಕೊಟ್ಟ ಪಂಜಾಬಿನ ಮಹಾರಾಜ ದುಲೀಪ್ ಸಿಂಗ್‌ಗೆ ಆಗ ಹತ್ತು ವರ್ಷ! ಇಂಗ್ಲೆಂಡಿಗೆ ಬಂದ ಮೇಲೆ ಹೊಳಪು ಸಾಲದು ಅಂತ 1852ರಲ್ಲಿ ಮತ್ತೆ ಕತ್ತರಿಸಿದರು, 186 ಕ್ಯಾರೆಟ್ ಇದ್ದದ್ದು 105.6ಕ್ಕೆ ಇಳಿಯಿತು. ಬ್ರಿಟಿಷ್ ಮ್ಯೂಸಿಯಂನವರು ವಾಪಸ್ ಕೊಡು ಅಂದಾಗಲೆಲ್ಲ ವಸ್ತುಗಳನ್ನ ಬಿಟ್ಟುಕೊಡದಂತೆ ತಡೆಯುವ 1963ರ ಒಂದು ಕಾಯ್ದೆ ತೋರಿಸುತ್ತಾರೆ. ಆದ್ರೆ ನಾವು ಹೋಗದೇ ಇದ್ದರೆ ಅವರಿಗೇನು ನಷ್ಟ? ಅಲ್ಲಿ ಟಿಕೆಟ್ಟೂ ಇಲ್ಲ. ಅಮರಾವತಿ ಸ್ತೂಪದ ಕಲ್ಲುಗಳು ಆಂಧ್ರದಿಂದ ಅಲ್ಲಿಗೆ ಹೋಗಿ ಕೂತಿವೆ. ನಾನಾದರೆ ಹೋಗಿ ಕಣ್ತುಂಬ ನೋಡಿ, ಮನಸಾರೆ ಬೈದು ಬರುತ್ತೇನೆ.

ಮೇಲ್ವಿಚಾರಕರು:

ಟಿಪ್ಪು ಹೆಸರು ಬಂದ ಮೇಲೆ ಬಂದ ಕೆಲವು ಉತ್ತರ ತೆಗೆದಿದ್ದೇವೆ. ಅದಕ್ಕೆ ಬೇರೆ ಜಾಗ ಇದೆ. ಇಲ್ಲಿ ಪ್ರವಾಸದ ಮಾತು ಮಾತ್ರ ಇರಲಿ.

ತುಂಗೆಯ ಮಗಳು:

ಇಷ್ಟೊಂದು ಉತ್ತರ ನೋಡಿ ಖುಷಿ ಆಯ್ತು. ಅಮ್ಮನಿಗೆ ಓದಿ ಹೇಳಿದೆ. "ತಳ್ಳಿದರೆ ತಳ್ಳಲಿ, ನೋಡೇ ನೋಡ್ತೀನಿ" ಅಂದ್ರು. ಹಾಗಾಗಿ ಟವರ್ ಗಟ್ಟಿ. ಅಪ್ಪನಿಗೆ ಹುಲಿಯ ಹೊಟ್ಟೆಯಲ್ಲಿ ತಿದಿ ಇದೆ ಅಂದ ಕೂಡಲೇ ಪೇಪರ್ ಕೆಳಗಿಟ್ಟರು. ಅವರಿಗೆ ಅಂತ ಇನ್ನೇನಿದೆ ಹೇಳಿ. ಮತ್ತೆ ಓಡಾಟ ಹೇಗೆ? ಟ್ಯೂಬ್‌ನಲ್ಲಿ ಮೆಟ್ಟಿಲು ಜಾಸ್ತಿ ಅಂತಾರೆ.

ಕ್ರಾಯ್ಡನ್ ಕನ್ನಡಿಗ:

ಮೆಟ್ಟಿಲು ಜಾಸ್ತಿನೇ. ಹಳೇ ಸ್ಟೇಷನ್ನುಗಳಲ್ಲಿ ಬಹಳ ಕಡೆ ಲಿಫ್ಟ್ ಇಲ್ಲ. ಟ್ಯೂಬ್ ಮ್ಯಾಪಿನಲ್ಲಿ ಗಾಲಿಕುರ್ಚಿ ಗುರುತು ಇರುವ ಸ್ಟೇಷನ್ ಮಾತ್ರ ನೋಡಿಕೊಳ್ಳಿ. ಎಲಿಜಬೆತ್ ಲೈನ್ ಹೊಸದು, ಎಲ್ಲಾ ಸ್ಟೇಷನ್ನಿಗೂ ಮೆಟ್ಟಿಲಿಲ್ಲದೆ ಹೋಗಬಹುದು. ಹೀಥ್ರೋದಿಂದ ಅದನ್ನ ಹಿಡಿದರೆ ನೇರ ಟಾಟನಮ್ ಕೋರ್ಟ್ ರೋಡ್, ಅಲ್ಲಿಂದ ಬ್ರಿಟಿಷ್ ಮ್ಯೂಸಿಯಂ ನಡೆದು ಹೋಗುವಷ್ಟು ದೂರ. ವೆಸ್ಟ್‌ಮಿನ್‌ಸ್ಟರ್, ಗ್ರೀನ್ ಪಾರ್ಕ್, ಲಂಡನ್ ಬ್ರಿಡ್ಜ್ ಎಲ್ಲಾ ಕಡೆ ಲಿಫ್ಟ್ ಇದೆ. ಸೌತ್ ಕೆನ್ಸಿಂಗ್ಟನ್ ಮಾತ್ರ ಕಷ್ಟ, ಅಲ್ಲಿಗೆ ಬಸ್ಸೇ ವಾಸಿ.

ಬಸ್ಸಿನಲ್ಲಿ ನಗದು ತೆಗೆದುಕೊಳ್ಳಲ್ಲ. ಯಂತ್ರಕ್ಕೆ ತಟ್ಟಿ ದುಡ್ಡು ಕೊಡುವ ಕಾರ್ಡ್ ಇರಲಿ, ಒಬ್ಬೊಬ್ಬರಿಗೆ ಒಂದೊಂದು ಬೇಕು. ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ಒಂದೇ ಟಿಕೆಟ್ಟಿನ ದುಡ್ಡು. 15ನೇ ನಂಬರ್ ಬಸ್ ಟ್ರಫಾಲ್ಗರ್ ಚೌಕದಿಂದ ಸೇಂಟ್ ಪಾಲ್ಸ್ ಚರ್ಚ್ ಮುಂದೆ ಹಾದು ಟವರ್ ತನಕ ಹೋಗುತ್ತೆ. ದುಡ್ಡು ಸುರಿದು ಟೂರಿಸ್ಟ್ ಬಸ್ ಹತ್ತೋ ಬದಲು ಇದನ್ನ ಹತ್ತಿ. ಅಮ್ಮ ಕೆಳಗೆ ಕೂರಲಿ, ನೀವು ಮೇಲೆ ಮುಂದಿನ ಸೀಟು ಹಿಡಿಯಿರಿ.

ಗಿರಣಿ ರಸ್ತೆ:

ನಿಮ್ಮಪ್ಪನವರಿಗೆ ಅಂದ್ರೆ ಕಣ್ಣು ಮುಚ್ಚಿಕೊಂಡು ಹೇಳ್ತೀನಿ: ಕಾವೆಂಟ್ ಗಾರ್ಡನ್ನಿನ ಲಂಡನ್ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂ. ದುಡ್ಡು ಕೊಡಬೇಕು, ಆದ್ರೆ ಇದು ದಂಡ ಅಲ್ಲ. ಕುದುರೆ ಎಳೆಯುತ್ತಿದ್ದ ಬಸ್‌ನಿಂದ ಹಿಡಿದು ಡಬಲ್ ಡೆಕ್ಕರ್ ತನಕ ನಿಜವಾದ ಗಾಡಿಗಳನ್ನೇ ನಿಲ್ಲಿಸಿದ್ದಾರೆ. 1910ರ ಬಿ ಟೈಪ್ ಬಸ್ ಅಂತ ಒಂದಿದೆ, ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲ ಮೋಟಾರ್ ಬಸ್ ಅದೇ. ಮೊದಲ ಮಹಾಯುದ್ಧದಲ್ಲಿ ನೂರಾರು ಬಿ ಟೈಪ್ ಬಸ್‌ಗಳನ್ನ ಸೈನಿಕರನ್ನ ಸಾಗಿಸೋಕೆ ಯುದ್ಧಭೂಮಿಗೇ ಕಳಿಸಿದ್ದರು. 1890ರ ಸುರಂಗ ರೈಲಿನ ಒಂದು ಡಬ್ಬಿಯೂ ಇದೆ. ಅದಕ್ಕೆ ಸರಿಯಾದ ಕಿಟಕಿಯೇ ಇಲ್ಲ, ಮೇಲ್ಗಡೆ ಕಿರಿದಾದ ಸಂದು ಅಷ್ಟೇ. ನೆಲದ ಕೆಳಗೆ ಹೋಗುವಾಗ ನೋಡೋಕೆ ಏನಿದೆ ಅಂತ ಬಿಟ್ಟಿದ್ದರಂತೆ! ಸೀಟಿನ ಹಿಂದೆ ತಲೆಯೆತ್ತರಕ್ಕೆ ಮೆತ್ತೆ ಹೊಲಿದಿದ್ದಾರೆ, ಜನ ಅದನ್ನ ಹುಚ್ಚಾಸ್ಪತ್ರೆ ಕೋಣೆ ಅಂತ ಅಣಕಿಸುತ್ತಿದ್ದರು.

ಎರಡನೇದು ಟವರ್ ಬ್ರಿಡ್ಜ್. ಲಂಡನ್ ಬ್ರಿಡ್ಜ್ ಬೇರೆ, ಅದು ಬರೀ ಸಪಾಟು ಸೇತುವೆ. ಟವರ್ ಬ್ರಿಡ್ಜ್ 1894ರದ್ದು, ನಡುವೆ ಸೀಳಿ ಮೇಲೇಳುತ್ತೆ. ಹಡಗು ಬಂದಾಗ ಇವತ್ತಿಗೂ ಎತ್ತುತ್ತಾರೆ, ಯಾವ ದಿನ ಎಷ್ಟು ಗಂಟೆಗೆ ಅಂತ ಅವರ ವೆಬ್‌ಸೈಟಿನಲ್ಲಿ ಮೊದಲೇ ಹಾಕಿರುತ್ತಾರೆ. 1976ರ ತನಕ ಉಗಿಯಿಂದ ನೀರಿನ ಒತ್ತಡ ಕೂಡಿಟ್ಟು ಎತ್ತುತ್ತಿದ್ದರು, ಈಗ ಆಯಿಲ್ ಮತ್ತು ಕರೆಂಟ್. ಹಳೇ ಎಂಜಿನ್ನುಗಳನ್ನ ಹಾಗೇ ಇಟ್ಟಿದ್ದಾರೆ, ಅದಕ್ಕೆ ಟಿಕೆಟ್. ಸೇತುವೆ ಮೇಲೆ ನಡೆಯೋಕೆ ಏನೂ ಕೊಡಬೇಕಿಲ್ಲ. ಟವರ್ ನೋಡಿದ ದಿನವೇ ಮುಗಿಸಬಹುದು.

ಹುಬ್ಬಳ್ಳಿ ಮಂದಿ:

ಸೈನ್ಸ್ ಮ್ಯೂಸಿಯಂನಲ್ಲಿ ಗಣಿತಜ್ಞ ಬ್ಯಾಬೇಜ್‌ನ ಲೆಕ್ಕದ ಯಂತ್ರವನ್ನೂ ತೋರಿಸಿ. ಅವನು 1840ರ ದಶಕದಲ್ಲಿ ನಕ್ಷೆ ಬರೆದಿಟ್ಟ, ಕಟ್ಟೋಕೆ ಆಗಲಿಲ್ಲ. ಅದೇ ನಕ್ಷೆ ಹಿಡಿದು ಮ್ಯೂಸಿಯಂನವರು 1991ರಲ್ಲಿ ಲೆಕ್ಕದ ಭಾಗ ಕಟ್ಟಿ ಮುಗಿಸಿದರು, ಸರಿಯಾಗಿ ಕೆಲಸ ಮಾಡಿತು. ಆಮೇಲೆ ಸೇರಿಸಿದ ಮುದ್ರಣದ ಭಾಗವೂ ಸೇರಿ ಐದು ಟನ್ ತೂಕದ ಕಂಚು, ಉಕ್ಕು. ಸಾಲು ಸಾಲು ಹಲ್ಲುಚಕ್ರ.

ಹಳೇ ಕಾಗದ:

ಬ್ರಿಟಿಷ್ ಮ್ಯೂಸಿಯಂಗೆ ಹೋದರೆ ಎಲ್ಲಾ ನೋಡೋ ಆಸೆ ಇಟ್ಟುಕೊಳ್ಳಬೇಡಿ. ಮೂರು ನಾಲ್ಕು ವಸ್ತು ಸಾಕು. ರೊಸೆಟ್ಟಾ ಕಲ್ಲಿನ (ಈಜಿಪ್ಟಿನ ಹಳೇ ಶಾಸನ) ಸುತ್ತ ಯಾವಾಗಲೂ ಜನ ಮುತ್ತಿರುತ್ತಾರೆ, ಎಲ್ಲರೂ ಮುಂದಿನ ಮೂರು ಲಿಪಿಗಳ ಫೋಟೋ ತೆಗೆದು ಹೋಗುತ್ತಾರೆ. ನೀವು ಪಕ್ಕಕ್ಕೆ ಹೋಗಿ ಕಲ್ಲಿನ ಅಂಚು ನೋಡಿ. 1801ರಲ್ಲಿ ಬ್ರಿಟಿಷ್ ಸೈನ್ಯ ಈಜಿಪ್ಟಿನಲ್ಲಿ ವಶಪಡಿಸಿಕೊಂಡಿದ್ದು ಅಂತ ಇಂಗ್ಲಿಷಿನಲ್ಲಿ ಬಣ್ಣದಲ್ಲಿ ಬರೆದಿದ್ದಾರೆ. ನಾಚಿಕೆಯೂ ಇಲ್ಲ, ಮುಚ್ಚುಮರೆಯೂ ಇಲ್ಲ.

ಆ ಕಲ್ಲು ನೆಪೋಲಿಯನ್ನನ ಸೈನಿಕರಿಗೆ ಸಿಕ್ಕಿದ್ದು 1799ರ ಜುಲೈನಲ್ಲಿ. ಅದೇ ವರ್ಷ ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಟಿಪ್ಪುವಿಗೆ ಒಂದು ಪತ್ರ ಬರೆದಿದ್ದ, ನಿಮ್ಮನ್ನು ಇಂಗ್ಲಿಷರ ಹಿಡಿತದಿಂದ ಬಿಡಿಸೋಕೆ ದೊಡ್ಡ ಸೈನ್ಯ ತಂದಿದ್ದೇನೆ ಅಂತ. ಪತ್ರ ದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿತು. ಹಾಗೆ ನೋಡಿದರೆ ರೊಸೆಟ್ಟಾ ಕಲ್ಲೂ ನಮ್ಮ ಮರದ ಹುಲಿಯೂ ಇಂಗ್ಲಿಷರು ಫ್ರೆಂಚರ ಒಂದೇ ಜಗಳದ ಎರಡು ತುದಿಯಿಂದ ಈ ಊರಿಗೆ ಬಂದವು. ಇದನ್ನ ಅಲ್ಲಿನ ಫಲಕಗಳಲ್ಲಿ ಹುಡುಕಬೇಡಿ, ನಾವೇ ಜೋಡಿಸಿಕೊಳ್ಳಬೇಕು.

(ಮೇಲ್ವಿಚಾರಕರೇ, ಇದು ಇತಿಹಾಸ, ರಾಜಕೀಯ ಅಲ್ಲ!)

ನ್ಯಾಷನಲ್ ಗ್ಯಾಲರಿಯಲ್ಲಿ ಹೋಲ್ಬೈನ್ 1533ರಲ್ಲಿ ಬರೆದ ಇಬ್ಬರು ರಾಯಭಾರಿಗಳ ಚಿತ್ರ ನೋಡಿ. ಕಾಲ ಬಳಿ ಏನೋ ಉದ್ದಕ್ಕೆ ಎಳೆದ ಹಾಗೆ ಬಿಳಿ ಕಲೆ ಇದೆ. ಬಲಗಡೆ ಗೋಡೆಗೆ ಒತ್ತಿ ನಿಂತು ಓರೆಯಾಗಿ ನೋಡಿದರೆ ಅದು ತಲೆಬುರುಡೆ.

ಗಂಧದ ಗುಡಿ ಬೀದಿ:

ನಮ್ಮ ಬಸವಣ್ಣನವರನ್ನ ಯಾರೂ ಹೇಳಲೇ ಇಲ್ಲವಲ್ಲ! ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, ಲ್ಯಾಂಬೆತ್ ಸೇತುವೆ ಹತ್ತಿರ ಬಸವೇಶ್ವರರ ಪುತ್ಥಳಿ ಇದೆ. 2015ರ ನವೆಂಬರ್ 14ಕ್ಕೆ ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಅದರ ಹಿಂದೆ ಓಡಾಡಿದವರು ಕಲಬುರಗಿ ಕಡೆಯವರೇ, ಲ್ಯಾಂಬೆತ್‌ನ ಮೇಯರ್ ಆಗಿದ್ದ ನೀರಜ್ ಪಾಟೀಲ. ವೆಸ್ಟ್‌ಮಿನ್‌ಸ್ಟರ್ ಸ್ಟೇಷನ್ನಿನಲ್ಲಿ ಇಳಿದು, ಸೇತುವೆ ದಾಟಿ, ಬಲಕ್ಕೆ ತಿರುಗಿ ನದಿ ಪಕ್ಕ ನಡೆದರೆ ಸಿಗುತ್ತೆ. ಆ ದಾರಿಯಲ್ಲಿ ಒಂದು ಉದ್ದ ಗೋಡೆ ತುಂಬ ಕೆಂಪು ಹೃದಯ ಬರೆದಿದ್ದಾರೆ, ಕೋವಿಡ್‌ನಲ್ಲಿ ತೀರಿಕೊಂಡವರ ನೆನಪಿಗೆ. ಎದುರು ದಡದಲ್ಲಿ ಪಾರ್ಲಿಮೆಂಟ್. ಬಿಗ್ ಬೆನ್ ಫೋಟೋಗೆ ಸೇತುವೆ ಮೇಲೆ ಗುದ್ದಾಡೋದಕ್ಕಿಂತ ಇಲ್ಲಿಂದ ತೆಗೆದರೆ ಪೂರ್ತಿ ಬರುತ್ತೆ. ನೆಲ ಸಪಾಟಾಗಿದೆ, ಅಮ್ಮ ನಿಧಾನಕ್ಕೆ ನಡೆಯಬಹುದು.

ಹಾಗೇ ಪ್ರಿಮ್‌ರೋಸ್ ಹಿಲ್ ಹತ್ತಿರ ಕಿಂಗ್ ಹೆನ್ರೀಸ್ ರೋಡಿನ 10ನೇ ನಂಬರಿನ ಮನೆ. ಅಂಬೇಡ್ಕರ್ 1921-22ರಲ್ಲಿ ಓದುವಾಗ ಇದ್ದ ಮನೆ, ಮಹಾರಾಷ್ಟ್ರ ಸರ್ಕಾರ ಕೊಂಡು ಮ್ಯೂಸಿಯಂ ಮಾಡಿದೆ. ಒಳಗೆ ಗದ್ದಲವಿಲ್ಲ, ಟಿಕೆಟ್ಟಿಲ್ಲ.

ಕ್ರಾಯ್ಡನ್ ಕನ್ನಡಿಗ:

ಅಬ್ಬೆ ಬಗ್ಗೆ ಮರೆತಿದ್ದೆ. ಟಿಕೆಟ್ 30 ಪೌಂಡ್ ಆಸುಪಾಸು. ನ್ಯೂಟನ್, ಡಾರ್ವಿನ್ ಸಮಾಧಿ, ಅವರಿಬ್ಬರ ನಡುವೆ 2018ರಲ್ಲಿ ಹಾಕಿಂಗ್‌ನ ಬೂದಿ. ಅದನ್ನ ಹತ್ತಿರದಿಂದ ನೋಡೇ ತೀರಬೇಕು ಅನ್ನೋರು ದುಡ್ಡು ಕೊಡಲಿ. ಕಟ್ಟಡದ ಒಳಗೆ ಕೂತರೆ ಸಾಕು ಅನ್ನೋರು ಸಂಜೆ ಸುಮಾರು 5ಕ್ಕೆ ನಡೆಯುವ ಪ್ರಾರ್ಥನೆಗೆ ಹೋಗಿ. ಹುಡುಗರ ಹಾಡು, ಮೇಲೆ ಆ ಎತ್ತರದ ಕಮಾನು. ಯಾವ ಧರ್ಮದವರಾದರೂ ಬಿಡುತ್ತಾರೆ, ದುಡ್ಡಿಲ್ಲ. ಫೋಟೋ ಬೇಡ, ಮಧ್ಯದಲ್ಲಿ ಎದ್ದು ಬರಬೇಡಿ. ಸೇಂಟ್ ಪಾಲ್ಸ್‌ನಲ್ಲೂ ಹೀಗೇ. ಭಾನುವಾರ ಅಬ್ಬೆ ಪ್ರವಾಸಿಗರಿಗೆ ಇಲ್ಲ, ಪ್ರಾರ್ಥನೆಗೆ ಮಾತ್ರ.

ಲಂಡನ್ ಐ ಬಿಡಿ. ಎತ್ತರದಿಂದ ನೋಡಲೇಬೇಕಂದ್ರೆ ಎತ್ತರದ ಕಟ್ಟಡವೊಂದರ ತುದಿಯಲ್ಲಿರುವ ಸ್ಕೈ ಗಾರ್ಡನ್ ಪುಕ್ಕಟೆ, ಲಿಫ್ಟಿನಲ್ಲಿ ಹೋಗಬಹುದು. ಆದ್ರೆ ಆನ್‌ಲೈನಿನಲ್ಲಿ ಮೊದಲೇ ಬುಕ್ ಮಾಡಬೇಕು, ಒಳ್ಳೆ ಹೊತ್ತಿನವು ಬೇಗ ಖಾಲಿ ಆಗುತ್ತವೆ.

ಬೆಣ್ಣೆ ದೋಸೆ:

ಊಟ? ಯಾರೂ ಊಟದ ಮಾತೇ ಎತ್ತಿಲ್ಲ.

ಹುಬ್ಬಳ್ಳಿ ಮಂದಿ:

ಕಾಲಿಡಲ್ಲ ಅಂದವರು ಊಟಕ್ಕೆ ಬಂದ್ರಾ! ಯೂಸ್ಟನ್ ಸ್ಟೇಷನ್ ಪಕ್ಕ ಡ್ರಮಂಡ್ ಸ್ಟ್ರೀಟಿನಲ್ಲಿ ನಮ್ಮ ಕಡೆ ಸಸ್ಯಾಹಾರಿ ಊಟ ಸಿಗುತ್ತೆ, ಬ್ರಿಟಿಷ್ ಮ್ಯೂಸಿಯಂನಿಂದ ದೂರ ಇಲ್ಲ. ದೋಸೆಗೆ ಅಂತಲೇ ಹೋಗೋದಾದರೆ ಈಸ್ಟ್ ಹ್ಯಾಮ್, ಟೂಟಿಂಗ್. ಬೆಣ್ಣೆ ಮಾತ್ರ ದಾವಣಗೆರೆ ತರಹ ಹಾಕಲ್ಲ.

ತುಂಗೆಯ ಮಗಳು:

ಸದ್ಯಕ್ಕೆ ಹೀಗೆ ಅಂದುಕೊಂಡಿದ್ದೇವೆ. ಒಂದು ದಿನ ಬೆಳಿಗ್ಗೆ ಟವರ್, ಆಮೇಲೆ ಟವರ್ ಬ್ರಿಡ್ಜ್. ಇನ್ನೊಂದು ದಿನ ಬಸವಣ್ಣ, ಸಂಜೆ ಅಬ್ಬೆಯ ಪ್ರಾರ್ಥನೆ. ಹುಲಿ ಮತ್ತು ಸೈನ್ಸ್ ಮ್ಯೂಸಿಯಂ ಒಟ್ಟಿಗೆ. ಶುಕ್ರವಾರ ಬ್ರಿಟಿಷ್ ಮ್ಯೂಸಿಯಂ ರಾತ್ರಿ 8:30ರ ತನಕ ತೆರೆದಿರುತ್ತೆ ಅಂತ ನೋಡಿದೆ, ಆವತ್ತು ಡ್ರಮಂಡ್ ಸ್ಟ್ರೀಟ್ ಊಟ. ಟ್ರಾನ್ಸ್‌ಪೋರ್ಟ್ ಮ್ಯೂಸಿಯಂಗೆ ಒಂದು ಅರ್ಧ ದಿನ ಪೂರ್ತಿ ಅಪ್ಪನಿಗೆ. ಲಂಡನ್ ಐ ಕೈಬಿಟ್ಟೆವು. ಟ್ರಾವೆಲ್ಸ್‌ನವರಿಗೆ ಫೋನ್ ಮಾಡಿ ಬೇಡ ಅಂದೆ, ಸ್ವಲ್ಪ ಮುನಿಸಿಕೊಂಡರು.

ಅಪ್ಪ ಈಗಲೇ ಕೇಳುತ್ತಿದ್ದಾರೆ, ಆ ಹಳೇ ಬಸ್ಸುಗಳ ಬಾನೆಟ್ ತೆಗೆದು ಎಂಜಿನ್ ತೋರಿಸ್ತಾರಾ ಅಂತ.

ಗಿರಣಿ ರಸ್ತೆ:

ಕಾವೆಂಟ್ ಗಾರ್ಡನ್ನಿನಲ್ಲಿ ಅದನ್ನೆಲ್ಲ ನಿರೀಕ್ಷೆ ಮಾಡಬೇಡಿ. ಆದ್ರೆ ಅದೇ ಮ್ಯೂಸಿಯಂನವರದ್ದು ಆಕ್ಟನ್ನಿನಲ್ಲಿ ಒಂದು ಡಿಪೋ ಇದೆ, ಜಾಗ ಸಾಲದ ಬಸ್ಸು, ರೈಲು, ಸಿಗ್ನಲ್ಲು, ಹಳೇ ಬೋರ್ಡು ಎಲ್ಲಾ ಅಲ್ಲಿ ತುಂಬಿಟ್ಟಿದ್ದಾರೆ. ದಿನಾ ಬಿಡಲ್ಲ, ಆಯ್ದ ದಿನಗಳಲ್ಲಿ ಮಾತ್ರ ಜನಕ್ಕೆ ತೆರೆಯುತ್ತಾರೆ, ಅದಕ್ಕೆ ಬೇರೆ ಟಿಕೆಟ್. ನೀವಿರುವ ವಾರದಲ್ಲಿ ಬಿದ್ದರೆ ಈಗಲೇ ಬುಕ್ ಮಾಡಿ. ಡಿಪೋದಲ್ಲಿ ಕೆಲಸ ಮಾಡಿದವರಿಗೆ ಡಿಪೋ ತೋರಿಸದೇ ವಾಪಸ್ ಕರೆದುಕೊಂಡು ಬರಬೇಡಿ.

ತುಂಗೆಯ ಮಗಳು:

ಆಕ್ಟನ್ ಅಂದ ಕೂಡಲೇ ತಮ್ಮನಿಗೆ ಮೆಸೇಜ್ ಹಾಕಿದೆ, ದಿನಾಂಕ ನೋಡಿ ಹೇಳ್ತಾನಂತೆ. ಅಮ್ಮನ ಪ್ರಶ್ನೆ ಒಂದೇ: ಅಲ್ಲಿ ಕೂರೋಕೆ ಜಾಗ ಇದೆಯಾ?